ನಮ್ಮ ಮನವಿ ಟಪಾಲಿನಲ್ಲೇ ಉಳಿಯುತ್ತದೆ, ಬೇರೆಯವರದು ಆದೇಶವಾಗಿ ಬರುತ್ತದೆ. ಹೇಗೆ?

ಕಡಲಮಗಳು (ಪಡುಬಿದ್ರಿ ಕಡೆ), ಭಾನುವಾರ ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಮನಸ್ಸಲ್ಲಿ ಇಟ್ಟುಕೊಂಡಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ನಮ್ಮ ಅಪ್ಪ ನಾಡದೋಣಿಯವರು. ಈಗ 63 ವರ್ಷ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಹನ್ನೊಂದು ಜನ ಸೇರಿ ಬೆಂಗಳೂರಿಗೆ ಹೋಗಿ ಒಂದು ಮನವಿ ಕೊಟ್ಟು ಬಂದರು. ಲೈಟ್ ಫಿಶಿಂಗ್ ನಿಲ್ಲಿಸಿ ಅಂತ. ಇದು ಹೊಸ ಬೇಡಿಕೆ ಅಲ್ಲ. ಎಲ್‌ಇಡಿ ಬೆಳಕು ಹಾಕಿ ಮೀನು ಹಿಡಿಯುವುದನ್ನು, ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧ ಮಾಡಿದೆ. ಇರುವ ನಿಷೇಧವನ್ನು ಜಾರಿ ಮಾಡಿ ಅಂತ ಕೇಳಲು ಅವರು ರಾತ್ರಿ ಬಸ್ಸು ಹತ್ತಿದ್ದು.

ಬೆಳಿಗ್ಗೆ ಹತ್ತಕ್ಕೆ ಆ ಕಚೇರಿಗೆ ಹೋದವರು ಮೂರು ಗಂಟೆವರೆಗೆ ಬೆಂಚಲ್ಲಿ ಕೂತರು. ಕೊನೆಗೆ ಟಪಾಲು ವಿಭಾಗದಲ್ಲಿ ಕೊಡಿ ಅಂದರು. ಕೊಟ್ಟರು. ಪ್ರತಿಯ ಮೇಲೆ ಸೀಲು ಬಿತ್ತು, ಮುಗಿಯಿತು. ಅಪ್ಪ ಮನೆಗೆ ಬಂದು ಹೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅವರು ಕೂತಿದ್ದಾಗ ನಾಲ್ಕು ಜನ ಬಂದು ನೇರ ಒಳಗೆ ಹೋದರಂತೆ. ಹಿಂದೆಯೇ ಟೀ ಹೋಯಿತಂತೆ. "ಅವರ ಕೈಯಲ್ಲಿ ಮನವಿ ಇರಲಿಲ್ಲ ಮಗಾ. ಬಾಗಿಲಲ್ಲಿ ನಿಂತು ಫೈಲ್ ನಂಬರ್ ಹೇಳಿದರು, ಅಷ್ಟೇ" ಅಂದರು ಅಪ್ಪ.

ಎರಡು ತಿಂಗಳ ಮೇಲೆ ನಮಗೆ ಹಿಂಬರಹ ಬಂತು. ಮುಂದಿನ ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ ಅಂತ ಎರಡು ಸಾಲು. ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪಾಸ್‌ಬುಕ್ ಜೊತೆ ಇಟ್ಟಿದ್ದಾರೆ. ರಾತ್ರಿ ಹಿತ್ತಿಲಲ್ಲಿ ನಿಂತರೆ ಕಡಲಿನ ಅಂಚು ಈಗಲೂ ಬೆಳಗುತ್ತಾ ಇರುತ್ತದೆ. ಅಮಾವಾಸ್ಯೆ ದಿನ ಕೂಡ.

ನನ್ನ ಪ್ರಶ್ನೆ ಇಷ್ಟೇ. ನಾವು ಮಾಡಿದ್ದು ಮನವಿ. ಆ ನಾಲ್ಕು ಜನ ಮಾಡಿದ್ದು ಲಾಬಿ. ಎರಡಕ್ಕೂ ವ್ಯತ್ಯಾಸ ಏನು? ಸರ್ಕಾರದ ತೀರ್ಮಾನ ನಿಜವಾಗಿ ಎಲ್ಲಿ ಆಗುತ್ತದೆ?

ಸುರತ್ಕಲ್‌ಸವಾರ

ವ್ಯತ್ಯಾಸ ದುಡ್ಡು. ಬೇರೆ ಏನೂ ಇಲ್ಲ.

ಬಂದರುಬದಿ (ಮಲ್ಪೆ)

ಸ್ವಲ್ಪ ತಡೀರಿ ಮಾರಾಯ್ರೆ. ನಮ್ಮ ಮನೆಯಲ್ಲಿ ಎರಡು ಯಾಂತ್ರಿಕ ಬೋಟ್ ಉಂಟು. ಬೋಟಿನವರು ಅಂದ ಕೂಡಲೇ ದುಡ್ಡಿನ ಲಾಬಿ ಅಂತ ಹಣೆಪಟ್ಟಿ ಅಂಟಿಸಬೇಡಿ. ಒಂದು ಬೋಟ್ ಕಡಲಿಗೆ ಹೋಗಿ ಬರುವಷ್ಟರಲ್ಲಿ ಡೀಸೆಲ್ ಖರ್ಚು ಎಷ್ಟು ಗೊತ್ತಾ? ಬ್ಯಾಂಕಿನ ಸಾಲ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ದಡದಲ್ಲಿ ಇರುತ್ತದೆ. ನಾಡದೋಣಿಗೆ 10 ಎಚ್‌ಪಿ ಎಂಜಿನ್‌ವರೆಗೆ ಆ ನಿಷೇಧ ಇಲ್ಲ. ಅದನ್ನು ನಾವು ಯಾವತ್ತೂ ಪ್ರಶ್ನೆ ಮಾಡಿಲ್ಲ.

ಹೌದು, ನಮ್ಮ ಸಂಘ ಸರ್ಕಾರದ ಹತ್ತಿರ ಹೋಗುತ್ತದೆ. ಕರರಹಿತ ಡೀಸೆಲ್ 1.5 ಲಕ್ಷ ಕಿಲೋಲೀಟರ್ ಇದ್ದದ್ದು 2023ರ ಜುಲೈ ಬಜೆಟ್‌ನಲ್ಲಿ 2 ಲಕ್ಷ ಆಯಿತು. ಸುಮ್ನೆ ಆದದ್ದಲ್ಲ ಅದು. ವರ್ಷಗಟ್ಟಲೆ ಓಡಾಡಿದ್ದೇವೆ. ಇದು ತಪ್ಪಾ?

ಕಡಲಮಗಳು

ಅಣ್ಣ, ತಪ್ಪು ಅಂತ ನಾನು ಹೇಳಲೇ ಇಲ್ಲ. ಡೀಸೆಲ್ ಕೇಳಿದ್ದು ಎಲ್ಲರಿಗೂ ಗೊತ್ತಿದೆ, ಪೇಪರಲ್ಲಿ ಬಂದಿದೆ, ಬಜೆಟ್‌ನಲ್ಲಿ ಓದಿದ್ದಾರೆ. ಲೈಟ್ ವಿಷಯ ಹಾಗಲ್ಲ ಅಲ್ವಾ? ನಿಷೇಧ ಇದೆ, ಲೈಟ್ ಹಾಕುವವರನ್ನು ಹಿಡಿಯಬೇಕಾದ ಅಧಿಕಾರಿಗಳೂ ಇದ್ದಾರೆ. ಹಿಡಿಯಬೇಡಿ ಅಂತ ಯಾರು, ಯಾರಿಗೆ, ಯಾವಾಗ ಹೇಳಿದರು ಅನ್ನೋದು ಎಲ್ಲಿಯೂ ಬರೆದಿಲ್ಲ.

ಬಂದರುಬದಿ

ಅದು ಸರಿ. ಲೈಟ್ ಹಾಕುವುದನ್ನು ನಾನು ಕೂಡ ಒಪ್ಪುವುದಿಲ್ಲ. ನಮ್ಮ ಬೋಟಲ್ಲಿ ಇಲ್ಲ. ಆದರೆ ನಮ್ಮಲ್ಲೇ ಎರಡು ಗುಂಪು ಉಂಟು, ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಸಾವಿರಬೀಡಿ (ಮುಡಿಪು)

ಅಕ್ಕ, ನಿಮ್ಮ ಪ್ರಶ್ನೆ ಓದಿ ನನ್ನ ಅಮ್ಮ ನೆನಪಾದರು. ಅವರು 31 ವರ್ಷ ಬೀಡಿ ಸುತ್ತಿದ್ದಾರೆ. ತಡ್ಪೆ (ಮೊರ) ತೊಡೆ ಮೇಲೆ ಇಟ್ಟುಕೊಂಡು ಸಂಜೆ ಐದರವರೆಗೆ. ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲು ಹೋದರೆ ಎಲೆ ಸರಿ ಇಲ್ಲ, ಬಾಯಿ ಸರಿ ಮಡಚಿಲ್ಲ ಅಂತ ಒಂದಷ್ಟು ಕಟ್ಟು ಬದಿಗೆ ಹಾಕುತ್ತಿದ್ದರು. ಆ ಕಟ್ಟಿಗೆ ದುಡ್ಡಿಲ್ಲ.

ಈಗ ಕೇಳಿ. ಬೀಡಿ, ಸಿಗರೇಟು ಪ್ಯಾಕಿನ ಮೇಲೆ ಶೇ 85 ಜಾಗದಲ್ಲಿ ಕ್ಯಾನ್ಸರ್ ಚಿತ್ರ ಇರಬೇಕು ಅಂತ ಕೇಂದ್ರ 2014ರಲ್ಲಿ ಅಧಿಸೂಚನೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಜಾರಿ ಆಗಬೇಕಿತ್ತು. ಅಷ್ಟರಲ್ಲಿ ಒಂದು ಸಂಸದೀಯ ಸಮಿತಿ ಇದನ್ನು ತಡೆಹಿಡಿಯಿರಿ ಅಂದಿತು. ಸಮಿತಿಯ ಅಧ್ಯಕ್ಷ ದಿಲೀಪ್ ಗಾಂಧಿ ತಂಬಾಕಿಗೂ ಕ್ಯಾನ್ಸರಿಗೂ ಸಂಬಂಧ ಇದೆ ಅಂತ ನಮ್ಮ ದೇಶದ ಸಂಶೋಧನೆ ಎಲ್ಲಿ ಹೇಳಿದೆ ಅನ್ನುವ ಅರ್ಥದ ಮಾತಾಡಿದರು. ಅದೇ ಸಮಿತಿಯ ಸದಸ್ಯ ಅಲಹಾಬಾದಿನ ಸಂಸದ ಶ್ಯಾಮಾಚರಣ ಗುಪ್ತ. ಅವರದ್ದೇ ಬೀಡಿ ಉದ್ಯಮ! ಬೀಡಿ ಮಾಡುವವರು ಬೀಡಿ ನಿಯಮದ ಸಮಿತಿಯಲ್ಲಿ ಕೂತಿದ್ದರು. ಒಂದು ವರ್ಷ ತಡವಾಗಿ 2016ರ ಏಪ್ರಿಲ್ 1ಕ್ಕೆ ನಿಯಮ ಬಂತು.

ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಆ ನಿಯಮ ಬೇಡ ಅಂತ ಹೇಳಿದಾಗಲೆಲ್ಲ "ಬಡ ಬೀಡಿ ಕಾರ್ಮಿಕರು ಬೀದಿಗೆ ಬೀಳುತ್ತಾರೆ" ಅಂದರು. ನನ್ನ ಅಮ್ಮನ ಹೆಸರಲ್ಲಿ! ಸಾವಿರ ಬೀಡಿಗೆ ಕೂಲಿ ನಾಲ್ಕು ರೂಪಾಯಿ ಜಾಸ್ತಿ ಮಾಡಿ ಅಂತ ಅಮ್ಮನವರು ಕೇಳಿದಾಗ ಇದೇ ಬಡವರ ನೆನಪು ಯಾರಿಗೂ ಆಗಲಿಲ್ಲ.

ಬಿಜೈವಕೀಲ

ಒಂದು ಸೇರಿಸುತ್ತೇನೆ. ಆ ಶೇ 85ರ ನಿಯಮವನ್ನು ನಮ್ಮ ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ರದ್ದು ಮಾಡಿತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಂದರೆ ಇಲಾಖೆ, ಸಮಿತಿ, ಹೈಕೋರ್ಟ್, ಸುಪ್ರೀಂ ಕೋರ್ಟ್, ನಾಲ್ಕು ಬಾಗಿಲು. ದೊಡ್ಡ ಉದ್ಯಮ ನಾಲ್ಕೂ ಬಾಗಿಲು ತಟ್ಟಬಲ್ಲದು. ಒಂದು ಕಡೆ ಸೋತರೆ ಇನ್ನೊಂದು ಕಡೆ. ಹನ್ನೊಂದು ಜನ ನಾಡದೋಣಿಯವರ ಹತ್ತಿರ ಒಂದು ಬಾಗಿಲಿಗೆ ಹೋಗುವಷ್ಟು ಮಾತ್ರ ಬಸ್ ಚಾರ್ಜ್ ಇರುತ್ತದೆ.

ತೋಟದಮನೆ (ಪುತ್ತೂರು)

ಬೀಡಿ ವಿಷಯದಲ್ಲಿ ಇನ್ನೊಂದು ಮುಖವೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟು, ಗುಟ್ಕಾವನ್ನು ಶೇ 40ರ ಸಾಲಿಗೆ ಸೇರಿಸಿತು, ಬೀಡಿಯನ್ನು ಮಾತ್ರ ಶೇ 28ರಿಂದ 18ಕ್ಕೆ ಇಳಿಸಿತು. ಸುತ್ತುವ ಎಲೆಗೆ 18ರಿಂದ 5. ಇದರಿಂದ ಕಾರ್ಮಿಕರಿಗೆ ಅನುಕೂಲ ಇಲ್ಲ ಅಂತೀರಾ?

ಸಾವಿರಬೀಡಿ

ಕೆಲಸ ಉಳಿಯಬಹುದು. ಕೂಲಿ ಜಾಸ್ತಿ ಆಯಿತಾ? ನಮ್ಮ ಬೀದಿಯಲ್ಲಿ ಕೇಳಿ ನೋಡಿ. ಹಿಂದೆ 1976ರ ಕಾಯ್ದೆಯಲ್ಲಿ ಬೀಡಿ ಮೇಲೆ ಒಂದು ಸೆಸ್ ಇತ್ತು. ಆ ದುಡ್ಡು ಕಾರ್ಮಿಕರ ಆಸ್ಪತ್ರೆಗೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಅಂತಲೇ ಇದ್ದದ್ದು. ನಾನು ಪಿಯುಸಿ ಓದಿದ್ದು ಅದೇ ಸ್ಕಾಲರ್‌ಶಿಪ್ಪಲ್ಲಿ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ಅದನ್ನು ಉಳಿಸಿ ಅಂತ ದಿಲ್ಲಿಯಲ್ಲಿ ಓಡಾಡಲು ಬೀಡಿ ಸುತ್ತುವವರ ಕಡೆಯಿಂದ ಅಷ್ಟು ಬಲ ಇರಲಿಲ್ಲ. ತೆರಿಗೆ ಇಳಿಸಲು ಇತ್ತು.

ಮಣಿಪಾಲನರ್ಸ್

ಸಾವಿರಬೀಡಿ ಅವರೇ, ನಿಮ್ಮ ಅಮ್ಮನಿಗೆ ಈಗ ಉಸಿರಾಟ ಹೇಗಿದೆ? ತಂಬಾಕು ಹುಡಿ ಅಷ್ಟು ವರ್ಷ ಮೂಗಿಗೆ ಹೋದವರು ವರ್ಷಕ್ಕೊಮ್ಮೆಯಾದರೂ ಎದೆ ತೋರಿಸಿಕೊಳ್ಳಬೇಕು. ವಿಷಯಾಂತರ ಆಯಿತು, ಆದರೂ ಹೇಳಬೇಕು ಅನ್ನಿಸಿತು.

ಸಾವಿರಬೀಡಿ

ಕೆಮ್ಮು ಇದೆ ಸಿಸ್ಟರ್. ಬರುವ ವಾರ ಕರೆದುಕೊಂಡು ಹೋಗುತ್ತೇನೆ. ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ತೋಟದಮನೆ

ನಾನು ಅಡಿಕೆ ಬೆಳೆಗಾರ. ಒತ್ತಡ ಹಾಕುವುದು ಅಂದರೆ ಕೆಟ್ಟದ್ದು ಅನ್ನುವ ಹಾಗೆ ಎಲ್ಲರೂ ಬರೆಯುತ್ತಿದ್ದೀರಿ. ನಾವು ಒತ್ತಡ ಹಾಕದಿದ್ದರೆ ಈ ಜಿಲ್ಲೆಯ ಅರ್ಧ ತೋಟ ಇವತ್ತು ಇರುತ್ತಿರಲಿಲ್ಲ.

1970ರ ದಶಕದ ಮೊದಲಿಗೆ ಅಡಿಕೆ ಬೆಲೆ ನೆಲಕ್ಕೆ ಬಿತ್ತು. ನಮ್ಮ ಅಜ್ಜ ಗೋಣಿ ಕಟ್ಟಿ ಇಟ್ಟ ಅಡಿಕೆಯನ್ನು ಕೇಳುವವರೇ ಇರಲಿಲ್ಲವಂತೆ. ವಾರಣಾಶಿ ಸುಬ್ರಾಯ ಭಟ್ಟರು ಊರೂರು ಸುತ್ತಿ ಬೆಳೆಗಾರರನ್ನು ಸೇರಿಸಿದರು. 1973ರಲ್ಲಿ ಮಂಗಳೂರಿನಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಆಯಿತು. ಕರ್ನಾಟಕ, ಕೇರಳ ಎರಡೂ ಸರ್ಕಾರಗಳು ಕೈಜೋಡಿಸಿದವು. ಸಂಘಟನೆ ಇದ್ದದ್ದಕ್ಕೆ ಸರ್ಕಾರ ಕೇಳಿತು.

ಈಗಲೂ ಹಾಗೆಯೇ. ಹೊರಗಿನ ಅಡಿಕೆ ಅಗ್ಗಕ್ಕೆ ಬಂದರೆ ನಮ್ಮದು ಮುಳುಗುತ್ತದೆ. ಆಮದು ಮಾಡುವವರು ಇದಕ್ಕಿಂತ ಕಡಿಮೆ ಬೆಲೆಗೆ ತರಬಾರದು ಅಂತ ಒಂದು ಕನಿಷ್ಠ ದರ ಉಂಟು. 2017ರಲ್ಲಿ ಅದು ಕೆಜಿಗೆ 251 ರೂಪಾಯಿ ಆಯಿತು. 2023ರ ಫೆಬ್ರವರಿಯಲ್ಲಿ 351. ಅದರ ಹಿಂದೆ ಎಷ್ಟು ಮನವಿ, ಎಷ್ಟು ನಿಯೋಗ, ಎಷ್ಟು ಸಂಸದರ ಮನೆ ಬಾಗಿಲು ಅಂತ ಇಲ್ಲಿನ ಬೆಳೆಗಾರರಿಗೆ ಗೊತ್ತು. ನಾನು ಅದರ ಬಗ್ಗೆ ಹೆಮ್ಮೆ ಪಡುತ್ತೇನೆ.

ಮಣಿಪಾಲನರ್ಸ್

ನಿಮ್ಮ ಹೆಮ್ಮೆ ಅರ್ಥ ಆಗುತ್ತದೆ ಸರ್. ಆದರೆ ನಾನು ಕೆಲಸ ಮಾಡುವ ವಾರ್ಡಲ್ಲಿ ಬಾಯಿ ಎರಡು ಬೆರಳಿನಷ್ಟೂ ತೆರೆಯಲು ಆಗದ ಹುಡುಗರು ಬರುತ್ತಾರೆ. ಚಮಚ ಒಳಗೆ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ, ತಂಬಾಕು ಸೇರಿಸದೆ ಬರೀ ಅಡಿಕೆ ತಿಂದರೂ ಕ್ಯಾನ್ಸರ್ ಬರಬಹುದು ಅಂತ. ಈ ಮಾತು ನಮ್ಮ ಜಿಲ್ಲೆಯ ಯಾವ ಪಕ್ಷದ ವೇದಿಕೆಯಲ್ಲೂ ನಾನು ಕೇಳಿಲ್ಲ. ಎಲ್ಲ ಪಕ್ಷದವರೂ ಅಡಿಕೆ ಆರೋಗ್ಯಕ್ಕೆ ಒಳ್ಳೆಯದು ಅಂತ ಒಂದೇ ಸ್ವರದಲ್ಲಿ ಹೇಳುತ್ತಾರೆ. ಒಂದು ವಿಷಯದ ಬಗ್ಗೆ ಎದುರು ಮಾತೇ ಇಲ್ಲ ಅಂದರೆ ಆ ಒತ್ತಡ ಎಷ್ಟು ಬಲವಾಗಿದೆ ಅಂತ ಯೋಚಿಸಿ.

ತೋಟದಮನೆ

ಗುಟ್ಕಾ ಬೇರೆ, ಊಟ ಆದ ಮೇಲೆ ಹಾಕುವ ಒಂದು ವೀಳ್ಯ ಬೇರೆ. ಗುಟ್ಕಾ 2013ರಲ್ಲಿ ರಾಜ್ಯದಲ್ಲಿ ನಿಷೇಧ ಆಯಿತು. ನಾವು ತಡೆದುಕೊಂಡೆವು. ನಮ್ಮ ಹತ್ತಿರ ಬೇರೆ ಏನು ಬೆಳೆಯಲಿ ಅಂತ ಯಾರೂ ಹೇಳುವುದಿಲ್ಲ. ಗದ್ದೆಗೆ ಆಳು ಇಲ್ಲ, ರಬ್ಬರಿಗೆ ರೇಟು ಇಲ್ಲ.

ಮಣಿಪಾಲನರ್ಸ್

ಬೆಳೆಗಾರರನ್ನು ಕೈಬಿಡಬೇಕು ಅಂತ ನಾನೂ ಹೇಳುತ್ತಿಲ್ಲ ಸರ್. ಸತ್ಯ ಹೇಳಿಯೇ ಬೆಂಬಲ ಬೆಲೆ ಕೇಳಬಹುದಲ್ವಾ?

ಕುಂದಾಪ್ರ ಊರಿನವ

ಇಲ್ಲಿ ಬಂಗುಡೆ ಕೆಜಿಗೆ 300 ಹೇಳ್ತಿದ್ದಾರೆ. ಪಡುಬಿದ್ರಿಯಲ್ಲಿ ಎಷ್ಟು?

ಬಂದರುಬದಿ

ಅದಕ್ಕೂ ಈ ಚರ್ಚೆಗೂ ಸಂಬಂಧ ಉಂಟು. ಮರಿ ಮೀನು ಫಿಶ್‌ಮೀಲ್ (ಮೀನಿನ ಹುಡಿ) ಕಾರ್ಖಾನೆಗೆ ಹೋಗುತ್ತದೆ. ಬೂತಾಯಿ ಮರಿಯನ್ನು ಬುಟ್ಟಿ ಲೆಕ್ಕದಲ್ಲಿ ಅಲ್ಲ, ಲಾರಿ ಲೆಕ್ಕದಲ್ಲಿ ಒಯ್ಯುವುದನ್ನು ನಾನೇ ನೋಡಿದ್ದೇನೆ. ಕೇರಳದಲ್ಲಿ ಇಂತಿಷ್ಟು ಉದ್ದಕ್ಕಿಂತ ಸಣ್ಣ ಮೀನು ಹಿಡಿಯಬಾರದು ಅಂತ ನಿಯಮ 2015ರಿಂದಲೇ ಬಂದಿದೆ. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14. ಮರಿ ಮೀನಿಗೆ ಕೊಳ್ಳುವವರು ಇರುವವರೆಗೆ ಹಿಡಿಯುವವರನ್ನು ತಡೆಯುವುದು ಕಷ್ಟ. ಕಡಲಿಗೇ ಇಳಿಯದ ಕಾರ್ಖಾನೆಯವರಿಗೂ ಕಡಲಿನ ನಿಯಮದಲ್ಲಿ ಲಾಭ ನಷ್ಟ ಉಂಟು. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಡಲಮಗಳು

ಇದನ್ನು ಅಪ್ಪನೂ ಹೇಳುತ್ತಾರೆ. ಬೋಟಿನವರ ಬಾಯಲ್ಲೇ ಕೇಳಿ ಸಮಾಧಾನ ಆಯಿತು ಅಣ್ಣ.

ಹಳೆಪಾಸ್‌ಬುಕ್ (ಉಡುಪಿ)

ಎಲ್ಲರೂ ಗೆದ್ದ ಕತೆ, ಅರ್ಧ ಗೆದ್ದ ಕತೆ ಹೇಳಿದಿರಿ. ನಾನು ಪೂರ್ತಿ ಸೋತ ಕತೆ ಹೇಳುತ್ತೇನೆ. 34 ವರ್ಷ ಬ್ಯಾಂಕಿನಲ್ಲಿ ಇದ್ದೆ.

ನಮ್ಮ ಎರಡು ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳು ಎಷ್ಟು ನೋಡಿ. ಕೆನರಾ 1906, ಕಾರ್ಪೊರೇಷನ್ 1906, ಸಿಂಡಿಕೇಟ್ 1925, ವಿಜಯಾ 1931. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಮುಂದಿನ ವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು, ಸಿಂಡಿಕೇಟ್ ಕೆನರಾ ಬ್ಯಾಂಕಿಗೆ. ನೌಕರರ ಸಂಘಗಳು ಮುಷ್ಕರ ಮಾಡಿದವು. ಊರಿನವರು ಮಾನವ ಸರಪಳಿ, ಸಹಿ ಸಂಗ್ರಹ ಎಲ್ಲ ಮಾಡಿದರು. ಏನೂ ಆಗಲಿಲ್ಲ.

ಯಾಕೆ ಅಂತ ತುಂಬಾ ಯೋಚಿಸಿದ್ದೇನೆ. ನಮ್ಮದು ಬರೀ ಅಭಿಮಾನದ ಮಾತಾಗಿತ್ತು. ನಮ್ಮ ಊರಿನ ಬ್ಯಾಂಕ್, ನಮ್ಮ ಹೆಮ್ಮೆ ಅಂತ. ಎದುರು ಕಡೆ ಬಂಡವಾಳದ ಲೆಕ್ಕ, ವಸೂಲಾಗದ ಸಾಲದ ಲೆಕ್ಕ, ದೊಡ್ಡ ಬ್ಯಾಂಕ್ ಬೇಕು ಅನ್ನುವ ವರದಿ ಇತ್ತು. ಲೆಕ್ಕಕ್ಕೆ ಲೆಕ್ಕದಿಂದ ಉತ್ತರ ಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ನಾವೇ ಬ್ಯಾಂಕಿನವರಲ್ವಾ? ಆದರೂ ಕೊಡಲಿಲ್ಲ. ಕೊನೆ ದಿನ ಶಾಖೆಯ ಬೋರ್ಡ್ ಇಳಿಸುವಾಗ ಗೋಡೆಯಲ್ಲಿ ಆ ಅಕ್ಷರಗಳ ಅಚ್ಚು ಹಾಗೇ ಉಳಿದಿತ್ತು. ಸುತ್ತ ಗೋಡೆ ಮಸುಕು, ಅಕ್ಷರ ಇದ್ದ ಜಾಗ ಮಾತ್ರ ಬಿಳಿ. ಇವತ್ತಿಗೂ ಆ ಗೋಡೆ ಕಣ್ಣಿಗೆ ಬರುತ್ತದೆ.

ಸುರತ್ಕಲ್‌ಸವಾರ

ಲೆಕ್ಕ ಇದ್ದರೆ ಗೆಲ್ಲುತ್ತೇವೆ ಅನ್ನೋದು ಅರ್ಧ ಸತ್ಯ ಸರ್. ಸುರತ್ಕಲ್ ಟೋಲ್ ನೋಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಎರಡು ಟೋಲ್ ಗೇಟಿನ ಮಧ್ಯೆ 60 ಕಿಲೋಮೀಟರ್ ಇರಬೇಕು ಅಂತ 2008ರ ನಿಯಮ. ಸುರತ್ಕಲ್, ಹೆಜಮಾಡಿ ಎರಡೂ ಪಕ್ಕಪಕ್ಕ. ನಿಯಮ ನಮ್ಮ ಕಡೆ, ಲೆಕ್ಕ ನಮ್ಮ ಕಡೆ. ಆದರೂ ವರ್ಷಗಟ್ಟಲೆ ಕಟ್ಟಿದ್ದೇವೆ.

2022ರ ಅಕ್ಟೋಬರ್‌ನಲ್ಲಿ ಹೋರಾಟ ಸಮಿತಿಯವರು ಮುತ್ತಿಗೆ ಹಾಕಿದರು, ಆಮೇಲೆ ಹಗಲು ರಾತ್ರಿ ಧರಣಿ ಕೂತರು. ನಾನು ಡ್ಯೂಟಿ ಮುಗಿಸಿ ರಾತ್ರಿ ಹೋಗಿ ಕೂರುತ್ತಿದ್ದೆ. ಚಾಪೆ, ಒಂದು ಫ್ಲಾಸ್ಕ್ ಚಹಾ, ಲಾರಿಗಳ ಹೊಗೆ. ಡಿಸೆಂಬರ್ 1ರಿಂದ ವಸೂಲಿ ನಿಂತಿತು. ಆ ದುಡ್ಡನ್ನು ಹೆಜಮಾಡಿಯಲ್ಲಿ ಸೇರಿಸಿ ತೆಗೆಯಲು ಹೊರಟರು, ಅದಕ್ಕೂ ಜನ ಎದ್ದು ನಿಂತರು. ಚುನಾವಣೆಗೆ ಆರು ತಿಂಗಳು ಇತ್ತು ಅನ್ನೋದನ್ನು ಮರೆಯಬೇಡಿ. ಸಮಯ ಕೂಡ ಒಂದು ಬಲ.

ನಂದಿಕೂರುನೆನಪು

ಇಷ್ಟು ಹೊತ್ತು ಓದುತ್ತಾ ಇದ್ದೆ. ವಯಸ್ಸಾಗಿದೆ, ಟೈಪ್ ಮಾಡಲು ಸ್ವಲ್ಪ ನಿಧಾನ.

ನಂದಿಕೂರಿನಲ್ಲಿ ಕೊಜೆಂಟ್ರಿಕ್ಸ್ ಅಂತ ಅಮೆರಿಕದ ಕಂಪನಿ 1000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡಲು ಬಂದಿತ್ತು. ಕೇಂದ್ರ, ರಾಜ್ಯ ಎರಡೂ ಅವರ ಬೆನ್ನಿಗಿದ್ದವು. ಮೇಲಿನಿಂದ ಬಂದ ಆತುರ ಎಷ್ಟಿತ್ತು ಅಂತ ನಾವು ಕಣ್ಣಾರೆ ಕಂಡಿದ್ದೇವೆ. ನಾವು ಮನೆ ಮನೆಗೆ ಹೋದೆವು, ಕೋರ್ಟಿಗೆ ಹೋದವರು ಹೋದರು. 1999ರ ಡಿಸೆಂಬರ್‌ನಲ್ಲಿ ಕಂಪನಿ ಬಿಟ್ಟು ಹೋಯಿತು. ಅವತ್ತು ನಮ್ಮ ಓಣಿಯಲ್ಲಿ ಪಾಯಸ ಮಾಡಿದ್ದರು.

ಸುಮಾರು ಹತ್ತು ಹನ್ನೆರಡು ವರ್ಷದಲ್ಲಿ ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಎದ್ದು ನಿಂತಿತು. ಕಂಪನಿ ಬೇರೆ, ಹೊಗೆ ಅದೇ. ನಮ್ಮ ಹೋರಾಟದವರು ಮನೆಗೆ ಹೋಗಿದ್ದರು, ಮಕ್ಕಳ ಮದುವೆ, ಕೆಲಸ. ಕಂಪನಿಯವರಿಗೆ ಇದೇ ಕೆಲಸ, ಅದಕ್ಕೇ ಸಂಬಳ. ಹಾಗಾಗಿ ಅವರು ಕಾಯಬಲ್ಲರು. ನಾವು ರಜೆ ಹಾಕಿ ಹೋರಾಟಕ್ಕೆ ಹೋಗುವವರು.

ಮಂಗಳೂರು ವಿಶೇಷ ಆರ್ಥಿಕ ವಲಯಕ್ಕೆ (ಎಂಎಸ್‌ಇಝಡ್) ಹೋಗಬೇಕಿದ್ದ ಎರಡನೇ ಹಂತದ ಸುಮಾರು 2000 ಎಕರೆ 2011ರಲ್ಲಿ ಉಳಿಯಿತಲ್ಲ, ಅಲ್ಲಿ ರೈತರ ಜೊತೆ ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿ ನಿಂತರು. ಮಂತ್ರಿಗಳು ಫೋನ್ ಎತ್ತುವ ಹೆಸರು ಅದು. ಎಲ್ಲ ಊರಿಗೂ ಅಂಥವರು ಸಿಗುವುದಿಲ್ಲ.

ತೋಟದಮನೆ

ಎತ್ತಿನಹೊಳೆ ನೀರು ತಿರುಗಿಸುವ ಯೋಜನೆ ನಿಲ್ಲಿಸಲು ಯಾಕೆ ಆಗಲಿಲ್ಲ ಹಾಗಾದರೆ? ಸ್ವಾಮೀಜಿಗಳು ಬಂದರು, ಬಂದ್ ಆಯಿತು, ಎಲ್ಲ ಪಕ್ಷದವರೂ ಬಂದರು.

ನಂದಿಕೂರುನೆನಪು

ಯಾಕೆಂದರೆ ಆಚೆ ಕಡೆ ಕೋಲಾರ, ಚಿಕ್ಕಬಳ್ಳಾಪುರದ ಜನ ನೀರಿಗಾಗಿ ಕಾಯುತ್ತಿದ್ದರು. ಅವರ ಬಾಯಾರಿಕೆ ಸುಳ್ಳಲ್ಲ. ಆ ಕಡೆ ವೋಟೂ ಜಾಸ್ತಿ. 8,323 ಕೋಟಿ ಅಂತ ಶುರುವಾದದ್ದು 23,251 ಕೋಟಿಗೆ ಹೋಯಿತು, 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಪಂಪ್ ಚಾಲೂ ಆಯಿತು. ವೆಚ್ಚ ಏರಿದ ಹಾಗೆ ಅದರಲ್ಲಿ ಕೆಲಸ ಇರುವವರ ಆಸಕ್ತಿಯೂ ಏರುತ್ತದೆ. ಬಾಯಾರಿದವರ ಹಿಂದೆ ಗುತ್ತಿಗೆದಾರರು ನಿಲ್ಲುತ್ತಾರೆ. ಬೀಡಿ ಕತೆಯ ಹಾಗೆಯೇ ಇದು.

ಕುಂದಾಪ್ರ ಊರಿನವ

ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯಲ್ಲೂ ಹೀಗೇ. ನಮ್ಮ ಬೈಂದೂರು ಕಡೆಯ ಕಾಡಂಚಿನವರು ಮನೆ ಕಟ್ಟಲೂ ಬಿಡುವುದಿಲ್ಲವಂತೆ ಅಂತ ಹೆದರಿ ಬೀದಿಗೆ ಬಂದರು. ಕ್ವಾರಿಯವರು, ರೆಸಾರ್ಟಿನವರು ಅದೇ ಮೆರವಣಿಗೆಯ ಹಿಂದೆ ಇದ್ದರು. ರಾಜ್ಯದ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಅಂತ ಕರಡು ಬಂದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸಂಪುಟ ಬೇಡ ಅಂದಿತು. ವರದಿಯಲ್ಲಿ ನಿಜವಾಗಿ ಏನಿದೆ ಅಂತ ಕನ್ನಡದಲ್ಲಿ ನಮಗೆ ಓದಿ ಹೇಳಿದವರೇ ಇಲ್ಲ. ನಾನೂ ಮೆರವಣಿಗೆಗೆ ಹೋಗಿದ್ದೆ. ವರದಿ ಓದದೆ ಹೋದೆ ಅಂತ ಈಗ ಬೇಜಾರಿದೆ.

ಬಿಜೈವಕೀಲ

ಇದು ಮುಖ್ಯವಾದ ಮಾತು. ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು 2020ರಲ್ಲಿ ಬಂದಾಗ ಅದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ಕನ್ನಡದಲ್ಲಿ ಪ್ರಚಾರ ಮಾಡದೆ ಅಂತಿಮ ಅಧಿಸೂಚನೆ ಹೊರಡಿಸಬೇಡಿ ಅಂತ ಆ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ತಡೆ ಕೊಟ್ಟಿತು. ಭಾಷೆ ಗೊತ್ತಿಲ್ಲದಿದ್ದರೆ ಆಕ್ಷೇಪಣೆ ಹಾಕುವುದು ಹೇಗೆ?

ಈಗ ಕಡಲಮಗಳು ಅವರ ಮೂಲ ಪ್ರಶ್ನೆಗೆ ಬರುತ್ತೇನೆ. ಮನವಿಗೂ ಲಾಬಿಗೂ ಕಾನೂನಿನಲ್ಲಿ ವ್ಯತ್ಯಾಸವೇ ಇಲ್ಲ. ನಮ್ಮ ದೇಶದಲ್ಲಿ ಲಾಬಿಯನ್ನು ಒಪ್ಪುವ ಕಾನೂನೂ ಇಲ್ಲ, ತಡೆಯುವ ಕಾನೂನೂ ಇಲ್ಲ, ದಾಖಲೆ ಇಡಿ ಅನ್ನುವ ಕಾನೂನೂ ಇಲ್ಲ. 2012ರಲ್ಲಿ ವಾಲ್‌ಮಾರ್ಟ್ ಕಂಪನಿ ಭಾರತದ ಮಾರುಕಟ್ಟೆಗೆ ಬರುವುದು ಸೇರಿ ಹಲವು ವಿಷಯಕ್ಕೆ ಅಮೆರಿಕದಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿದ್ದು ಗೊತ್ತಾಯಿತಲ್ಲ, ಗೊತ್ತಾದದ್ದು ಅಲ್ಲಿನ 1995ರ ಕಾನೂನಿನಿಂದ. ಅಲ್ಲಿ ಲಾಬಿ ಮಾಡುವವರು ಯಾವ ಯಾವ ವಿಷಯಕ್ಕೆ ಲಾಬಿ ಮಾಡಿದರು, ಒಟ್ಟು ಎಷ್ಟು ಖರ್ಚು ಆಯಿತು ಅಂತ ಬರೆದು ಕೊಡಬೇಕು. ಇಲ್ಲಿ 2013ರಲ್ಲಿ ಒಬ್ಬ ಸಂಸದರು ಅಂಥದ್ದೇ ಖಾಸಗಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ. ಚುನಾವಣಾ ಬಾಂಡಿನಲ್ಲಿ ಯಾರು ಯಾರಿಗೆ ಕೊಟ್ಟರು ಅಂತ ತಿಳಿಯಲು 2024ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು.

ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ. ನಿಮ್ಮ ಅಪ್ಪ ಗಮನಿಸಿದ ಸಂಗತಿ ಇದೆಯಲ್ಲ, ಅವರು ಫೈಲ್ ನಂಬರ್ ಹೇಳಿದರು ಅಂತ. ನಾನು ವಕೀಲನಾಗಿ ಹೇಳುತ್ತೇನೆ, ಗುಟ್ಟು ಅಲ್ಲೇ ಇದೆ. ಮನವಿ ಅಂದರೆ ಒಂದು ಕಾಗದ. ತೀರ್ಮಾನ ಆಗುವುದು ಕಡತದ ಟಿಪ್ಪಣಿ ಹಾಳೆಯಲ್ಲಿ. ಗುಮಾಸ್ತರು ಮೊದಲ ಟಿಪ್ಪಣಿ ಬರೆಯುತ್ತಾರೆ, ಮೇಲಿನವರು ಅದರ ಕೆಳಗೆ ಬರೆಯುತ್ತಾರೆ, ಹೀಗೆ ಏರುತ್ತದೆ. ಕಡತ ಯಾವ ಮೇಜಿನ ಮೇಲಿದೆ ಅಂತ ಗೊತ್ತಿದ್ದವರು ಆ ಮೇಜಿನ ಮುಂದೆ ನಿಲ್ಲುತ್ತಾರೆ. ಗೊತ್ತಿಲ್ಲದವರು ಟಪಾಲಿನ ಮುಂದೆ.

ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ. ಕನ್ನಡದಲ್ಲೇ ಬರೆಯಿರಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಇಂಥ ದಿನಾಂಕದ ನಮ್ಮ ಮನವಿ ಯಾವ ಕಡತದಲ್ಲಿದೆ, ಕಡತ ಸಂಖ್ಯೆ ಕೊಡಿ, ಟಿಪ್ಪಣಿ ಹಾಳೆ ಮತ್ತು ಪತ್ರ ವ್ಯವಹಾರದ ಪ್ರತಿ ಕೊಡಿ ಅಂತ ಮಾತ್ರ ಕೇಳಿ. ಯಾಕೆ ಕ್ರಮ ತೆಗೆದುಕೊಂಡಿಲ್ಲ ಅಂತ ಕೇಳಬೇಡಿ. ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ಅಂತ ವಾಪಸ್ ಬರುತ್ತದೆ. 30 ದಿನ ಕಾಯಿರಿ.

ಸುರತ್ಕಲ್‌ಸವಾರ

ಇದನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಎಲ್ಲ ಗ್ರೂಪಿಗೂ ಹಾಕಿ.

ಬಂದರುಬದಿ

ವಕೀಲರೇ, ಇನ್ನೊಂದು ಮಾತು. ಮೀನುಗಾರಿಕೆಯಲ್ಲಿ ಕಡಲು ದಡದಿಂದ 12 ನಾಟಿಕಲ್ ಮೈಲಿನವರೆಗೆ ರಾಜ್ಯದ್ದು, ಆಚೆ ಕೇಂದ್ರದ್ದು. ಲೈಟ್ ಹಾಕುವವರು ನಾವು ಆಚೆ ಇದ್ದೆವು ಅನ್ನುತ್ತಾರೆ. ರಾಜ್ಯದವರು ಕೇಂದ್ರದ ಕಡೆ ಕೈ ತೋರಿಸುತ್ತಾರೆ. ಎರಡು ಕಡೆಯೂ ಕೇಳಬೇಕಾಗುತ್ತದೆ.

ಬಿಜೈವಕೀಲ

ನಿಜ. ಎರಡು ಅರ್ಜಿ ಹಾಕಿ.

ಹಳೆಪಾಸ್‌ಬುಕ್

ಅರ್ಜಿ ಬರೆಯಲು ನಾನು ಸಹಾಯ ಮಾಡುತ್ತೇನೆ ಮಗಳೇ. 34 ವರ್ಷ ಕಾಗದ ಬರೆದೇ ಬದುಕಿದವನು.

ಕಡಲಮಗಳು, ಆರು ವಾರದ ನಂತರ

ಎಲ್ಲರಿಗೂ ನಮಸ್ಕಾರ. ರಾಜ್ಯದ ಕಡೆಯಿಂದ ಉತ್ತರ ಬಂತು. ಕೇಂದ್ರದ್ದು ಇನ್ನೂ ಬಂದಿಲ್ಲ.

ಕಡತ ಸಂಖ್ಯೆ ಸಿಕ್ಕಿತು. 27 ಪುಟದ ಪ್ರತಿ, ಪುಟಕ್ಕೆ 2 ರೂಪಾಯಿಯಂತೆ 54 ರೂಪಾಯಿ ಕಟ್ಟಿದೆವು. ನಿನ್ನೆ ರಾತ್ರಿ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ನಮ್ಮ ಮನವಿ ಒಂದೂವರೆ ಪುಟ. ಅದೇ ಕಡತದಲ್ಲಿ ಇನ್ನೊಂದು ಕಡೆಯವರದು ಒಂಬತ್ತು ಪುಟ. ಹಿಡಿದ ಮೀನಿನ ಲೆಕ್ಕ, ಸಾಲದ ಲೆಕ್ಕ, ಎಷ್ಟು ಜನರಿಗೆ ಕೆಲಸ ಅನ್ನುವ ಲೆಕ್ಕ ಎಲ್ಲ ಇದೆ. ಅವರು ಕೊಟ್ಟ ಎರಡು ವಾಕ್ಯ ಅಕ್ಷರ ಬಿಡದೆ ಟಿಪ್ಪಣಿ ಹಾಳೆಯಲ್ಲಿ ಇಲಾಖೆಯ ಮಾತಾಗಿ ಕೂತಿದೆ. ಓದುವಾಗ ಕೈ ನಡುಗಿತು. ಮಧ್ಯದಲ್ಲಿ ಒಂದು ಸಭೆ ಆಗಿದೆ. ಹಾಜರಿದ್ದವರ ಪಟ್ಟಿಯಲ್ಲಿ ನಾಡದೋಣಿಯವರು ಒಬ್ಬರೂ ಇಲ್ಲ. ನಮ್ಮ ಮನವಿಯ ಬಗ್ಗೆ ಇರುವುದು ಒಂದೇ ಸಾಲು: ಅಂಕಿ ಅಂಶ ಒದಗಿಸಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಎದ್ದು ಹೋಗಿ ಅಟ್ಟದಿಂದ ಒಂದು ಟ್ರಂಕ್ ಇಳಿಸಿದರು. ಅದರಲ್ಲಿ ಹಳೆಯ ಡೈರಿಗಳು ಇದ್ದವು. 1994ರಿಂದ ಪ್ರತಿ ದಿನ ಎಷ್ಟು ಬುಟ್ಟಿ ಬಂತು, ಯಾವ ಮೀನು, ಎಷ್ಟು ರೇಟು ಅಂತ ಪೆನ್ಸಿಲಲ್ಲಿ ಬರೆದಿದ್ದಾರೆ. ನನಗೇ ಗೊತ್ತಿರಲಿಲ್ಲ. ಕೆಲವು ಪುಟ ಉಪ್ಪು ನೀರು ತಾಗಿ ಅಂಟಿಕೊಂಡಿದೆ. 2016ರ ನಂತರದ ಪುಟ ತೆಗೆದರೆ ವಾರಗಟ್ಟಲೆ ಒಂದೇ ಮಾತು: "ಹೋದೆವು, ಇಲ್ಲ."

ಬಂದರುಬದಿ

ಇದನ್ನು ಓದಿ ಮಾತು ಹೊರಡುತ್ತಿಲ್ಲ. ಕಡತ ಸಂಖ್ಯೆ ನನಗೂ ಕಳಿಸಿ ತಂಗಿ. ಲೈಟ್ ಬೇಡ ಅನ್ನುವ ಬೋಟಿನವರು ಹತ್ತು ಹದಿನೈದು ಜನ ನಾವೂ ಇದ್ದೇವೆ. ಬೋಟಿನವರದ್ದೇ ಒಂದು ಪತ್ರ ಅದೇ ನಂಬರ್ ಹಾಕಿ ಕೊಡುತ್ತೇವೆ. ಮುಂದಿನ ಸಭೆಗೆ ನಾಡದೋಣಿಯವರನ್ನೂ ಕರೆಯಿರಿ ಅಂತ ಮೊದಲ ಸಾಲಲ್ಲೇ ಬರೆಯುತ್ತೇವೆ.

ಬಿಜೈವಕೀಲ

ಡೈರಿಯ ಮೂಲ ಪ್ರತಿ ಯಾರಿಗೂ ಕೊಡಬೇಡಿ. ಪುಟಗಳ ಫೋಟೊ ತೆಗೆದು ಇಟ್ಟುಕೊಳ್ಳಿ. ವರ್ಷವಾರು ಪಟ್ಟಿ ಮಾಡಿ, ಪಕ್ಕದ ಮನೆಗಳಲ್ಲೂ ಇಂಥ ಲೆಕ್ಕ ಇದೆಯಾ ಕೇಳಿ.

ಕಡಲಮಗಳು

ಕೇಳಿದೆ ಸರ್. ಇನ್ನು ಮೂರು ಮನೆಯಲ್ಲಿ ಇದೆ. ಒಬ್ಬರು ಕ್ಯಾಲೆಂಡರ್ ಹಿಂದೆ ಬರೆದಿದ್ದಾರೆ. ಇಷ್ಟನ್ನೂ ಕಂಪ್ಯೂಟರಿಗೆ ಹಾಕಬೇಕು, ನನಗೆ ಒಬ್ಬಳಿಗೆ ಆಗುವುದಿಲ್ಲ.

ಸಾವಿರಬೀಡಿ

1994ರಿಂದ 2000ದವರೆಗೆ ನನಗೆ ಕಳಿಸಿ ಅಕ್ಕ. ರಾತ್ರಿ ಕೂತು ಟೈಪ್ ಮಾಡುತ್ತೇನೆ.

ಮಣಿಪಾಲನರ್ಸ್

2001ರಿಂದ 2005 ನನಗೆ.

ತೋಟದಮನೆ

ಮುಂದಿನ ಐದು ವರ್ಷ ನಮ್ಮ ಮನೆಗೆ. ಮಗಳಿಗೆ ಪರೀಕ್ಷೆ ಮುಗಿದಿದೆ.